ರುಮಾಲು ಯಾರ ತಲೆಗೆ

ಮಧುಗಿರಿಯಲ್ಲಿ ಬೆಳಕು ಮೊದಲು ಬೆಟ್ಟಕ್ಕೆ ಬರುತ್ತದೆ, ಊರಿಗೆ ಆಮೇಲೆ. ಬಂಡೆಯ ನೆತ್ತಿ ಕೆಂಪಾಗಿ, ಕೆಳಗಿನ ಬೀದಿಗಳು ಇನ್ನೂ ನಿದ್ದೆಯಲ್ಲಿರುವ ಆ ಸಂದಿನಲ್ಲಿ ಓಬಳೇಶ ಸೈಕಲ್ ಹತ್ತುತ್ತಿದ್ದ. ಶಂಕರಲಿಂಗಪ್ಪನವರ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವುದು, ಚಕ್ರದ ಡೊಂಕು ತೆಗೆಯುವುದು ಅವನ ಕೆಲಸ. ರಿಪೇರಿಯಾದ ಗಾಡಿಯನ್ನು ಓಡಿಸಿ ನೋಡಬೇಕಲ್ಲ ಎಂಬುದು ಅವನ ನೆಪ. ಆ ನೆಪದಲ್ಲಿ ಕೊರಟಗೆರೆ ರಸ್ತೆಗೆ ಬಿದ್ದನೆಂದರೆ ಚಕ್ರ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅವನಿಗೇ ತಿಳಿಯುತ್ತಿರಲಿಲ್ಲ. ಹುಣಸೆಮರಗಳು ತಾವಾಗಿಯೇ ಹಿಂದಕ್ಕೆ ನಡೆದುಹೋಗುತ್ತಿದ್ದವು. ಮಂಜಿನೊಳಗೆ ಹೊಕ್ಕಾಗ ಕೈಕಾಲು ಕಾಣದೆ, ತಾನೀಗ ಬರೀ ಉಸಿರು, ಉಸಿರೊಂದೇ ದಾರಿ ಹಿಡಿದು ಹೋಗುತ್ತಿದೆ ಅನ್ನಿಸುತ್ತಿತ್ತು.

ಅದು ಮೈಸೂರು ಅರಸರ ಕಾಲ, ಮೂವತ್ತನೇ ಇಸವಿ ಕಳೆದು ಸ್ವಲ್ಪ ದಿನ. ಮಹಾರಾಜರ ವರ್ಧಂತಿಗೆ ಆ ವರ್ಷ ಕೊರಟಗೆರೆಯಿಂದ ಮಧುಗಿರಿಗೆ ಸೈಕಲ್ ಓಟ ಇಡುವುದೆಂದು ಊರ ದೊಡ್ಡ ಮನುಷ್ಯರು ತೀರ್ಮಾನಿಸಿದರು. ಗೆದ್ದವರಿಗೆ ಜರಿಯಂಚಿನ ರುಮಾಲು. ಶಂಕರಲಿಂಗಪ್ಪನವರು ಅಂಗಡಿಯ ಒಳ್ಳೆಯ ಸೈಕಲ್ಲನ್ನೇ ಓಬಳೇಶನಿಗೆ ಕೊಟ್ಟು, ಬೆನ್ನು ತಟ್ಟಿ ಕಳಿಸಿದರು. ಅವನು ಗೆದ್ದ. ಹಳ್ಳದ ಮರಳು ದಾಟಿದ್ದು ನೆನಪಿತ್ತು, ಮತ್ತೆ ನೆನಪಿದ್ದದ್ದು ಓಟ ಮುಗಿಯುವಲ್ಲಿ ಹಾಕಿದ್ದ ಚಪ್ಪರದ ತೋರಣ. ನಡುವಿನದೆಲ್ಲ ಕನಸಿನ ಹಾಗೆ ಜಾರಿಹೋಗಿತ್ತು.

ಓಲಗದವರು ಊದಿದರು. ಕಮಿಟಿಯ ಅಧ್ಯಕ್ಷರಾದ ಜಮೀನ್ದಾರ ಜಯರಾಮಯ್ಯನವರು ವೇದಿಕೆಗೆ ಕರೆದದ್ದು ಶಂಕರಲಿಂಗಪ್ಪನವರನ್ನು. ರುಮಾಲು ಸುತ್ತಿದ್ದು ಅವರ ತಲೆಗೆ. ಓಬಳೇಶನ ಕೈಗೆ ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ.

ಇದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಜೋಡೆತ್ತಿನ ಗಾಡಿ ಓಟದಲ್ಲಿ ಈ ಸೀಮೆಯ ಪದ್ಧತಿ ಅದೇ: ರುಮಾಲು ಎತ್ತಿನ ಒಡೆಯನಿಗೆ, ಕಾಯಿಬೆಲ್ಲ ಗಾಡಿ ಹೊಡೆದ ಆಳಿಗೆ. ಸೈಕಲ್ಲು ಹೊಸದಾಗಿ ಬಂತು, ಪದ್ಧತಿ ಹಳೆಯದೇ ಉಳಿಯಿತು. ಎತ್ತಿನ ಜಾಗದಲ್ಲಿ ಕಬ್ಬಿಣ ನಿಂತಿದೆ, ಹಾಗಾದರೆ ಓಡಿದ್ದು ಯಾರು ಎಂದು ಕೇಳುವಷ್ಟು ಪುರುಸೊತ್ತು ಯಾರಿಗಿತ್ತು? ಓಬಳೇಶನೇ ಬಾಯಿಬಿಟ್ಟು ಕೇಳಿದ. ಜಯರಾಮಯ್ಯನವರು ಸಿಟ್ಟಾಗಲಿಲ್ಲ, ನಕ್ಕರು.

"ಎತ್ತು ಚೆನ್ನಾಗಿ ಓಡ್ತು ಅಂತ ಎತ್ತಿನ ಕೊಂಬಿಗೆ ರುಮಾಲು ಸುತ್ತೋದ್ನ ಎಲ್ಲಾದ್ರೂ ನೋಡಿದ್ದೀಯೇನ್ಲಾ?"

ಚಪ್ಪರವೆಲ್ಲ ನಕ್ಕಿತು. ನಮ್ಮ ಸೀಮೆಯಲ್ಲಿ ಅನ್ಯಾಯ ದೊಣ್ಣೆ ಹಿಡಿದು ಬರುವುದು ಕಡಿಮೆ. ಹಾರ ಹಿಡಿದು, ಓಲಗ ಊದಿಸಿಕೊಂಡು, ಎಲೆಯಡಿಕೆ ಕೊಟ್ಟು ಬರುತ್ತದೆ. ಅದಕ್ಕೇ ನಾವು ಎದ್ದುನಿಂತು ಚಪ್ಪಾಳೆ ತಟ್ಟುತ್ತೇವೆ. ಗೆದ್ದವನ ಕಣ್ಣಿನ ಕಡೆ ಒಬ್ಬರೂ ನೋಡುವುದಿಲ್ಲ.

ಅವನ ಊರಾದ ಚನ್ನರಾಯನದುರ್ಗದ ಮನೆಯಲ್ಲಿ ತಾಯಿ ಓಬಳಮ್ಮ ಅವನು ತಂದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. "ಬಲಿತ ಕಾಯಿ ಕಣ್ಲಾ. ಚಟ್ನಿಗಾಯ್ತು ಬುಡು," ಅಂದಳು. ಮಗ ಉಣ್ಣಲಿಲ್ಲ. ಎತ್ತು ತನ್ನದಾಗಿದ್ದರೆ ರುಮಾಲು ತನ್ನದು, ಅಷ್ಟೇ ತಾನೆ? ಹಾಗಾದರೆ ಸೈಕಲ್ಲನ್ನು ತಾನೇ ಮಾಡುತ್ತೇನೆ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಊರು ಇನ್ನೊಂದು ಸಲ ನಗುತ್ತಿತ್ತು.

ದುರ್ಗದ ಬುಡದಲ್ಲಿ ಅಗಲವಾದ ಒಂದು ಬಂಡೆಯಿದೆ. ಓಬಳೇಶ ಇದ್ದಿಲಿನಲ್ಲಿ ಅದರ ಮೇಲೆ ಸೈಕಲ್ ಬರೆಯತೊಡಗಿದ. ಸಣ್ಣ ಚಿತ್ರವಲ್ಲ, ನಿಜವಾದ ಸೈಕಲ್ಲಿನ ಅಳತೆಯದೇ. ಬರೆದ ಗೆರೆಯ ಮೇಲೆ ತಾನೇ ಅಂಗಾತ ಮಲಗುತ್ತಿದ್ದ, ಕಾಲು ಎಲ್ಲಿಗೆ ಬರುತ್ತದೆ, ಕೈ ಎಲ್ಲಿಗೆ ಎಟುಕುತ್ತದೆ ಎಂದು ನೋಡುತ್ತಿದ್ದ. ಬಿಸಿಲಿಗೆ ಕಾದಿದ್ದ ಬಂಡೆ ಸಂಜೆಯವರೆಗೂ ಬೆನ್ನಿಗೆ ಬೆಚ್ಚಗೆ ಇರುತ್ತಿತ್ತು. ಹಾಗೆಯೇ ಕಣ್ಣು ಹತ್ತಿದರೆ ಗೆರೆಯ ಚಕ್ರಗಳು ಬಂಡೆಯಿಂದ ಎದ್ದು, ಅವನನ್ನು ಹೊತ್ತು, ಕೋಟೆಯ ಗೋಡೆಯ ಮೇಲೆ ಸದ್ದಿಲ್ಲದೆ ಹರಿಯುತ್ತಿದ್ದವು. ಮಳೆ ಬಂದು ಚಿತ್ರ ಅಳಿಸಿಹೋಗುತ್ತಿತ್ತು. ಅವನು ಮತ್ತೆ ಬರೆಯುತ್ತಿದ್ದ, ಒಂದಿಷ್ಟು ಬೇರೆ ಥರ.

ಬಿಲಾತಿ ಸೈಕಲ್ಲು ಬಿಲಾತಿಯ ರಸ್ತೆಗೆ ಹುಟ್ಟಿದ್ದು. ನಮ್ಮ ಜಲ್ಲಿಯಲ್ಲಿ ಅದು ಸವಾರನ ತೋಳು ಮುರಿಯುತ್ತದೆ, ಮರಳಿನಲ್ಲಿ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಓಬಳೇಶ ಮುಂದಿನ ಫೋರ್ಕನ್ನು ಇನ್ನಷ್ಟು ಮುಂದಕ್ಕೆ ವಾಲಿಸಿದ, ಸೀಟನ್ನು ಹಿಂದಕ್ಕೆ ಎಳೆದ. ಭಾರವೆಲ್ಲ ಎರಡು ಚಕ್ರದ ನಡುವೆ ಉಯ್ಯಾಲೆಯಂತೆ ತೂಗಬೇಕು ಎಂಬುದು ಅವನ ಆಸೆ. ಹಳೆಯ ಸೈಕಲ್ಲುಗಳ ಕೊಳವೆಗಳನ್ನು ಕೂಡಿಟ್ಟು, ಊರಿನ ಕಮ್ಮಾರ ಅಡವಯ್ಯನ ಕುಲುಮೆಯಲ್ಲಿ ಬೆಸುಗೆ ಹಿಡಿಯಲೆಂದು ಬಿಳಿಗಾರ ಹಾಕಿ ಇಬ್ಬರೂ ಹಿತ್ತಾಳೆಯಿಂದ ಬೆಸೆದರು. ಕುಡಗೋಲು ಬಡಿಯುವ ಕುಲುಮೆಯಲ್ಲಿ ಇದೆಂಥ ಹುಚ್ಚೋ ಎಂದು ಅಡವಯ್ಯ ಗೊಣಗುತ್ತಿದ್ದ, ಆದರೆ ತಿದಿ ಒತ್ತುವುದನ್ನು ನಿಲ್ಲಿಸುತ್ತಿರಲಿಲ್ಲ.

ಮೊದಲನೆಯದು ದುರ್ಗದ ಇಳಿಜಾರಿನಲ್ಲಿ ಬೆಸುಗೆ ಬಿಟ್ಟು ಎರಡು ತುಂಡಾಯಿತು. ಓಬಳೇಶನ ಬಲ ಮಂಡಿ ಬಂಡೆಗೆ ಬಡಿಯಿತು. ಗಾಯ ಮಾಯಿತು, ಆದರೆ ಮಂಡಿ ಮತ್ತೆ ಪೂರಾ ಮಡಚಲು ಬರಲಿಲ್ಲ. ತುಳಿಯುವ ಕಾಲೇ ಹೋದ ಮೇಲೆ ಸೈಕಲ್ಲು ಯಾತಕ್ಕೆ ಎಂದು ತಾಯಿ ಅತ್ತಳು. ಅವನು ಮಾತ್ರ ಎರಡನೆಯದನ್ನು ಮಾಡಿದ. ತೂಕ ತಗ್ಗಿಸಲೆಂದು ಗಂಟೆ, ಮಡ್‌ಗಾರ್ಡು, ಕ್ಯಾರಿಯರು ಎಲ್ಲ ಬಿಟ್ಟ. ಉಳಿದದ್ದು ಜಿಂಕೆಯ ಮೈಯಂಥ ಒಂದು ಗೆರೆ.

ತುಳಿಯಲು ಜನ ಬೇಕಿತ್ತು. ಬರಗೂರಿನ ಕದರಪ್ಪ ಸಿಕ್ಕಿದ. ಶಿರಾದ ಅಂಗಡಿಗಳಿಗೆ ಬಾಡಿಗೆ ಸೈಕಲ್ಲಿನ ಮೇಲೆ ಕಡಲೆಕಾಯಿ ಮೂಟೆ ಸಾಗಿಸುತ್ತಿದ್ದ ಗಟ್ಟಿ ಆಳು, ಮಾತು ಕಡಿಮೆ, ತೊಡೆಗಳು ಒನಕೆಯಂಥವು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ವರ್ಷ, ಅದೇ ವರ್ಧಂತಿ, ಅದೇ ದಾರಿ. ಓಬಳೇಶ ಮಧುಗಿರಿಯ ಚಪ್ಪರದ ಪಕ್ಕ ನಿಂತಿದ್ದ. ದೂರದ ಧೂಳಿನಿಂದ ಮೊದಲು ಹೊರಬಂದದ್ದು ಅವನ ಸೈಕಲ್ಲು. ಅದು ಓಡುತ್ತಿರಲಿಲ್ಲ, ತೇಲುತ್ತಿತ್ತು. ಬಂಡೆಯ ಮೇಲೆ ಕಣ್ಣು ಮುಚ್ಚಿದಾಗ ಕಂಡ ಹಾಗೆಯೇ.

ಜಯರಾಮಯ್ಯನವರು ಓಬಳೇಶನ ಹೆಸರು ಕೂಗಿದರು. ಒಡೆಯ ಅವನೇ ತಾನೆ! ಕುಂಟುತ್ತಲೇ ವೇದಿಕೆ ಹತ್ತಿದ. ಜರಿಯ ರುಮಾಲು ತಲೆಯ ಸುತ್ತ ಸುತ್ತಿಕೊಳ್ಳುತ್ತ ಹೋಯಿತು, ಓಲಗದ ಸದ್ದು ದೂರವಾಯಿತು, ಇಷ್ಟು ವರ್ಷ ಹೊತ್ತಿದ್ದ ನಗೆಯ ಭಾರವೆಲ್ಲ ಇಳಿಯಿತು. ಮುಚ್ಚಿದ್ದ ಕಣ್ಣು ತೆರೆದ. ಕೆಳಗೆ ಕದರಪ್ಪ ನಿಂತಿದ್ದ. ಮೈಯೆಲ್ಲ ಧೂಳು, ಒಂದು ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ಲು, ಇನ್ನೊಂದರಲ್ಲಿ ತೆಂಗಿನಕಾಯಿ. ಅವನ ಮುಖದಲ್ಲಿ ಬೇಸರವೂ ಇರಲಿಲ್ಲ. ಆಳಿಗೆ ಸಿಗುವುದು ಸಿಕ್ಕಿತು ಎಂಬ ನೆಮ್ಮದಿ ಇತ್ತು.

ಆ ನೆಮ್ಮದಿ ಓಬಳೇಶನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತನಗೆ ಅಂದು ಉರಿದದ್ದು ಅನ್ಯಾಯಕ್ಕಲ್ಲ, ಆ ಅನ್ಯಾಯದ ಮೇಲ್ಗಡೆ ತಾನಿಲ್ಲವಲ್ಲ ಎಂಬುದಕ್ಕೋ? ರುಮಾಲು ಬಿಚ್ಚತೊಡಗಿದ. ಜಯರಾಮಯ್ಯನವರು ಕೈ ಅಡ್ಡ ಹಿಡಿದರು. ಪದ್ಧತಿ ಪದ್ಧತಿಯೇ, ಒಡೆಯನಿಗಲ್ಲದೆ ಬೇರೆಯವರಿಗೆ ಸುತ್ತುವ ಹಾಗಿಲ್ಲ ಎಂದು ಗದರಿದರು. ಅವರೊಡನೆ ವಾದ ಮಾಡಿದರೆ ಇನ್ನೊಂದು ನಗೆಯಷ್ಟೇ ಸಿಗುವುದು ಎಂದು ಓಬಳೇಶನಿಗೆ ಗೊತ್ತಿತ್ತು. ಪದ್ಧತಿಯ ಬಾಗಿಲು ಒಂದೇ, ರುಮಾಲನ್ನು ಅದರೊಳಗಿಂದಲೇ ದಾಟಿಸಬೇಕು.

"ಹಂಗಾರೆ ಕೇಳಿ ಸ್ವಾಮಿ," ಅಂದ, ಚಪ್ಪರಕ್ಕೆಲ್ಲ ಕೇಳುವ ಹಾಗೆ. "ಆ ಗಾಡಿ ನಂದಲ್ಲ. ಅವನ್ದೇ. ನಾಕು ಜನದ ಮುಂದೆ ಹೇಳ್ತಾ ಇವ್ನಿ."

ಈ ಸೀಮೆಯಲ್ಲಿ ನಾಲ್ಕು ಜನದ ಮುಂದೆ ಆಡಿದ ಮಾತು ಕ್ರಯಪತ್ರಕ್ಕಿಂತ ಗಟ್ಟಿ. ಜಯರಾಮಯ್ಯನವರು ಅಡ್ಡ ಹಿಡಿದಿದ್ದ ಕೈ ತೆಗೆದರು. ಕದರಪ್ಪನನ್ನು ಯಾರೋ ಮೇಲಕ್ಕೆ ದೂಡಿದರು, ರುಮಾಲು ಅವನ ಕಿವಿ ಮುಚ್ಚುವಂತೆ ಕೂತಿತು. ಈ ಸಲ ಚಪ್ಪಾಳೆ ಕಡಿಮೆ, ಗುಸುಗುಸು ಹೆಚ್ಚು. ವರ್ಷಗಟ್ಟಲೆ ಬಂಡೆಯ ಮೇಲೆ ಮಲಗಿ ಕಂಡ ಕನಸು ಒಂದು ಮಾತಿಗೆ ಇನ್ನೊಬ್ಬನದಾಯಿತು.

ಇಳಿಹೊತ್ತಿನಲ್ಲಿ ಓಬಳೇಶ ದುರ್ಗದ ದಾರಿ ಹಿಡಿದು ಕುಂಟುತ್ತ ಹೊರಟ. ಕದರಪ್ಪ ಹಿಂದೆಯೇ ಸೈಕಲ್ಲು ತಳ್ಳಿಕೊಂಡು ಬಂದ.

"ಅಣ್ಣೋ, ನಂಗ್ಯಾಕಣ್ಣ ಈ ಗಾಡಿ? ತಕ್ಕೊಂಡು ಬುಡು."

"ತಕ್ಕೊಂಡ್ರೆ ನಾಳೀಕೇ ಬಂದು ರುಮಾಲು ಕಿತ್ಕೊಂತಾರೆ. ತಳ್ಳು ಸುಮ್ಕೆ."

"ಅಂಗಾರೆ ಹತ್ತು. ಊರ ಗಂಟ ಬುಟ್ಟು ಬತ್ತೀನಿ."

"ಹತ್ತಾದು ಎಲ್ಲಿಗ್ಲಾ? ಹಿಂದ್ಗಡೆ ಏನೈತೆ ನೋಡು."

ಹಿಂದೆ ಕ್ಯಾರಿಯರೂ ಇರಲಿಲ್ಲ, ಏನೂ ಇರಲಿಲ್ಲ. ಒಬ್ಬನೇ ಎಲ್ಲರನ್ನೂ ಹಿಂದೆ ಬಿಟ್ಟು ಓಡಲೆಂದೇ ಕಟ್ಟಿದ ಗಾಡಿ ಅದು. ಇಬ್ಬರೂ ಅದನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು, ನಗು ತಡೆಯಲಾಗಲಿಲ್ಲ. ಆಮೇಲೆ ಆ ಹಗುರ ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರು. ಜಯಮಂಗಲಿ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ದುರ್ಗದ ಬೆಟ್ಟ ಸಂಜೆಯ ಬಣ್ಣದಲ್ಲಿ ಕರಗುತ್ತ, ಇದೆಯೋ ಇಲ್ಲವೋ ಎಂಬಂತೆ ಎದುರಿಗೆ ತೇಲುತ್ತಿತ್ತು. ಕದರಪ್ಪ ಪಕ್ಕಕ್ಕೆ ತಿರುಗಿ ನೋಡಿದ. ಓಬಳೇಶ ನಡೆಯುತ್ತಲೇ ಸೀಟಿನ ಹಿಂದಿನ ಬರಿಗಾಳಿಯಲ್ಲಿ ಗೇಣು ಹಾಕುತ್ತಿದ್ದ, ಒಬ್ಬ ಮನುಷ್ಯ ಕೂರಲು ಎಷ್ಟು ಜಾಗ ಬೇಕಾದೀತೆಂದು.