ಬಸುರಿನಲ್ಲಿ ಬಿಗಿಯಾದ ರವಿಕೆಗಳು

ಮದುವೆಯಾದ ವರ್ಷವೇ ನಾನು ರಾಮನಗರದ ಪೇಟೆ ಬೀದಿಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ನನ್ನ ಕೆಲಸ ನಿಲ್ಲುವುದು. ಗಿರಾಕಿಗಳು ಬಿಳಿ ಹಾಸಿನ ಮೇಲೆ ಕೂತು ಸೀರೆ ಆರಿಸಿದರೆ ನಾನು ಅದನ್ನು ಹೆಗಲಿಗೆ ಹಾಕಿಕೊಂಡು, ನೆರಿಗೆ ಹಿಡಿದು, ಸೆರಗು ಬಿಟ್ಟು ಒಂದು ಸುತ್ತು ತಿರುಗಬೇಕು. ಮಡಿಕೆಯಲ್ಲಿ ಮಂಕಾಗಿ ಕಂಡ ಸೀರೆ ಮೈಮೇಲೆ ಬಂದರೆ ಬೇರೆಯೇ ಆಗುತ್ತದೆ. ಬಂದವರು ಮೊದಲು ನಾನು ಏನು ಉಟ್ಟಿದ್ದೇನೆ ಅಂತ ನೋಡುತ್ತಿದ್ದರು, ಆಮೇಲೆ ನಾನು ತೋರಿಸುವುದನ್ನು. ಇರುವ ಆರೇಳು ಸೀರೆಗಳನ್ನೇ ದಿನಕ್ಕೊಂದು ರೀತಿ ಉಟ್ಟು, ಇವಳ ಬಳಿ ಎಷ್ಟು ಸೀರೆ ಇರಬಹುದು ಅನ್ನಿಸುವಂತೆ ಮಾಡುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಒಸಿ ಜಂಬವೂ ಇತ್ತು ಅನ್ನಿ.

ಎರಡು ವರ್ಷದ ಮೇಲೆ ಬಸುರಿಯಾಗಿ ನಾಲ್ಕು ತಿಂಗಳು ತುಂಬಿದಾಗ ಅಂಗಡಿಯ ಯಜಮಾನರು ನನ್ನನ್ನು ಕರೆದು, ಮುಂದಿನ ತಿಂಗಳಿಂದ ಒಳಗೆ ಕೂತು ಸೀರೆ ಮಡಿಚಿ, ಫಾಲ್ ಹಚ್ಚಿಕೊಂಡು ಇದ್ದುಬಿಡಿ ಅಂದರು. ಗದರಿಸಿ ಅಂದದ್ದಲ್ಲ. ನಿಲ್ಲೋದು ಕಷ್ಟ ಆಗ್ತದೆ, ಮೈಗೆ ಸರಿಯಾಗಿ ಬಟ್ಟೆ ಕೂರೋದಿಲ್ಲ, ಗಿರಾಕಿಗಳಿಗೂ ಒಂಥರಾ ಅಂತ ನಿಧಾನವಾಗಿಯೇ ಹೇಳಿದರು. ಒಳಗೆ ಅಂದರೆ ಕಿಟಕಿಯಿಲ್ಲದ ಕೋಣೆ. ಕೆಲಸದ ಬಗ್ಗೆ ನನಗೆ ಬೇಸರವಿರಲಿಲ್ಲ. ಆದರೆ ನನಗಿಂತ ಮೊದಲು ಇಬ್ಬರು ಹೀಗೇ ಬಸುರಿಯಾಗಿ ಒಳಗೆ ಹೋದವರು, ಬಾಣಂತನ ಮುಗಿಸಿ ಬಂದ ಮೇಲೂ ಒಳಗೇ ಉಳಿದಿದ್ದರು. ಗಿರಾಕಿಗಳ ಎದುರು ನಿಲ್ಲುವ ಜಾಗಕ್ಕೆ ಅಷ್ಟರಲ್ಲಿ ಇನ್ಯಾರೋ ಬಂದಿರುತ್ತಿದ್ದರು. ನನಗೆ ಆ ಜಾಗ ಬೇಕಾಗಿತ್ತು. ಬೇಸಿಗೆಯ ಮದುವೆ ವ್ಯಾಪಾರ ಮುಗಿಯೋವರೆಗೆ ನೋಡಿ, ಸಾರ್, ಚೆನ್ನಾಗಿ ಕಾಣಲಿಲ್ಲ ಅಂದರೆ ನಾನೇ ಒಳಗೆ ಹೋಗುತ್ತೇನೆ ಅಂದೆ. ಅವರು ಒಪ್ಪಿದರು.

ಮಾತು ಕೊಟ್ಟು ಮನೆಗೆ ಬಂದು ಬೀರು ತೆಗೆದರೆ ಒಂದು ರವಿಕೆಯದೂ ಹುಕ್ಕು ಕೂಡುತ್ತಿಲ್ಲ.

ಹೊಸದು ಕೊಳ್ಳುವ ಹಾಗಿರಲಿಲ್ಲ. ಕೈ ಬಿಗಿಯಿತ್ತು, ಅದೊಂದು. ಇನ್ನೊಂದು, ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಮಡಿಲು ತುಂಬುವ ತನಕ ಬಸುರಿ ಹೊಸ ಬಟ್ಟೆ ಉಡಬಾರದು ಅನ್ನುವುದು ನಮ್ಮ ಮನೆಯ ರೂಢಿ. ನನ್ನ ತವರು ಮಾಗಡಿ ತಾಲ್ಲೂಕಿನ ಕಲ್ಯ. ಅಮ್ಮನಿಗೆ ಫೋನು ಮಾಡಿ ಬೇಗ ತಂದುಬಿಡು ಅಂದರೆ, ಅದಕ್ಕೆ ಅದರದೇ ತಿಂಗಳು ಇಲ್ವಾ ಅಂತ ನನ್ನನ್ನೇ ಕೇಳಿದಳು. ಹಾರೋಹಳ್ಳಿಯ ಕಾರ್ಖಾನೆಗೆ ಹೋಗುವ ನನ್ನ ಗಂಡ, ತನ್ನ ಯೂನಿಫಾರಂ ಶರ್ಟು ದೊಡ್ಡದಿದೆ, ಹಾಕಿಕೊಂಡು ಹೋಗು, ಎದೆಯ ಮೇಲೆ ಕಂಪನಿ ಹೆಸರೂ ಇರುತ್ತದೆ ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ತಪ್ಪು ನನ್ನದೇ. ನಮ್ಮ ಕಡೆ ಮದುಮಗಳ ರವಿಕೆ ಹೊಲಿಸುವಾಗ ಎರಡು ಪಕ್ಕದ ಹೊಲಿಗೆಯ ಒಳಗೂ ಎರಡೆರಡು ಬೆರಳು ಬಟ್ಟೆ ಮಡಿಸಿ ಬಿಡಿಸುತ್ತಾರೆ. ಹುಡುಗಿ ಮೈ ತುಂಬಿಕೊಂಡಾಗ ಹೊಲಿಗೆ ಬಿಚ್ಚಿದರಾಯಿತು, ರವಿಕೆ ದೊಡ್ಡದಾಗುತ್ತದೆ. ನನ್ನ ಅತ್ತೆಯೂ ಟೈಲರ್ ಹತ್ತಿರ ನಿಂತು ಹಾಗೇ ಹೇಳಿ ಹೋಗಿದ್ದರು. ಅವರು ಬೀದಿ ತಿರುಗುವುದನ್ನೇ ಕಾದಿದ್ದು, ನಾನು ವಾಪಸು ಹೋಗಿ, ಒಳಗಿನ ಬಟ್ಟೆ ಪೂರಾ ಕತ್ತರಿಸಿಬಿಡಿ, ಕಂಕುಳಲ್ಲಿ ದಪ್ಪ ಕಾಣುತ್ತದೆ, ಫಿಟಿಂಗ್ ಕೆಡುತ್ತದೆ ಅಂದಿದ್ದೆ. ಅಷ್ಟೂ ರವಿಕೆಗೂ ಹಾಗೇ ಮಾಡಿಸಿದ್ದೆ. ಈಗ ಬಿಚ್ಚಲು ಒಳಗೆ ಏನೂ ಇರಲಿಲ್ಲ.

ಎರಡು ದಿನ ಸೆರಗು ಸುತ್ತಿ, ಪಿನ್ನು ಚುಚ್ಚಿ ಹೇಗೋ ಕಳೆದೆ. ಮೂರನೆಯ ದಿನ ಬಸ್ಸಿನಲ್ಲಿ ಕಂಬಿ ಹಿಡಿಯಲು ಕೈ ಎತ್ತಿದಾಗ ಕಂಕುಳ ಹೊಲಿಗೆ ಹರಿಯಿತು. ಆ ಸಂಜೆ ಅತ್ತೆಗೆ ಹೇಳಲೇಬೇಕಾಯಿತು. ಅವರು ಜಗುಲಿಯಲ್ಲಿ ಕೂತು ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಕೂತು, ನೆಲ ನೋಡುತ್ತ, ಇದ್ದದ್ದನ್ನೆಲ್ಲ ಹೇಳಿದೆ. ಅವರ ಕುಡುಗೋಲು ನಿಲ್ಲಲಿಲ್ಲ.

"ಗೊತ್ತು ಕಣಮ್ಮಿ. ಆ ಟೈಲರು ನಂಗೆ ಆವತ್ತೇ ಹೇಳ್ದ, ನಿಮ್ ಸೊಸೆ ಕತ್ರುಸ್ಬುಟ್ಳು ಅಂತ."

"ಮತ್ತೆ ನೀವು ಯಾಕತ್ತೆ ಕೇಳಲಿಲ್ಲ?"

"ಹೊಸ್ದಾಗಿ ಬಂದೋಳು. ಆಸೆ ಪಟ್ಟವ್ಳೆ, ಏನಾರಾ ಅಂದ್ರೆ ನೊಂದ್ಕತಾಳೆ ಅಂತ ಸುಮ್ಕಾದೆ. ಈಗ ಅಳ್ತೀಯಲ್ಲ, ಅವಾಗ್ಲೇ ಎಲ್ಡು ಬಯ್ದಿದ್ರೆ ಆಯ್ತಿತ್ತು."

ಎರಡು ವರ್ಷ ಅವರು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ನಾನು ಆ ರವಿಕೆ ತೊಟ್ಟು ಕನ್ನಡಿಯ ಮುಂದೆ ತಿರುಗುವಾಗಲೆಲ್ಲ ನೋಡಿದ್ದಾರೆ, ಒಂದು ಮಾತು ಆಡಿಲ್ಲ. ನನ್ನ ಮನಸ್ಸು ನೋಯದಂತೆ ಅಷ್ಟು ದಿನ ಯಾರಾದರೂ ಕಾದಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಸೊಪ್ಪು ಮುಗಿಸಿ ಕೈ ತೊಳೆದು ಬಂದು ಅವರು ನನ್ನ ಸೀರೆಗಳನ್ನು ಒಂದೊಂದಾಗಿ ತೆಗೆಸಿದರು. ಸೀರೆಯ ಒಳತುದಿ, ಸೊಂಟಕ್ಕೆ ಸಿಕ್ಕಿಸಿ ಯಾರಿಗೂ ಕಾಣದ ತುದಿ, ಅಲ್ಲಿ ಒಂದು ಗೇಣು ಕತ್ತರಿಸಿದರು. ಅದೇ ಬಟ್ಟೆಯ ಪಟ್ಟಿಗಳನ್ನು ರವಿಕೆಯ ಎರಡೂ ಪಕ್ಕಕ್ಕೆ, ಕಂಕುಳಿಂದ ಕೆಳಗಿನವರೆಗೆ ಸೇರಿಸಿದರು. ಸೀರೆಯದೇ ಬಣ್ಣವಾದ್ದರಿಂದ ತೇಪೆ ಅನ್ನಿಸಲಿಲ್ಲ, ಬೇಕೆಂದೇ ಇಟ್ಟ ಡಿಸೈನು ಅನ್ನಿಸಿತು. ಲಂಗದ ಲಾಡಿ ತೆಗೆದು ಹಳೆಯ ಪಂಚೆಯ ಅಗಲವಾದ ಪಟ್ಟಿ ಹಾಕಿದರು, ಹೊಟ್ಟೆಯ ಕೆಳಗೆ ಕಟ್ಟಿದರೂ ಕೊರೆಯದ ಹಾಗೆ.

ಉಡುವ ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೂ ಹೊಂದಲಿಲ್ಲ. ದೃಷ್ಟಿಯಾಗುತ್ತದೆ, ಸೆರಗು ಎಳೆದು ಹೊಟ್ಟೆ ಮುಚ್ಚು ಅನ್ನುವುದು ಅವರ ಹಟ. ಮುಚ್ಚಿದಷ್ಟೂ ಮೂಟೆಯಂತೆ ಕಾಣುತ್ತದೆ ಅನ್ನುವುದು ನನ್ನದು. ನೆರಿಗೆ ಕಡಿಮೆ ಮಾಡಿ ಒಸಿ ಎಡಕ್ಕೆ ಸರಿಸಿ, ಸೆರಗನ್ನು ಮಡಿಸದೆ ಒಂದೇ ಪದರವಾಗಿ ಇಳಿಬಿಟ್ಟು ನೋಡಿದೆ. ಹೊಟ್ಟೆ ಇತ್ತು, ಇದೆ ಅಂತಲೂ ತಿಳಿಯುತ್ತಿತ್ತು, ಆದರೆ ಅದರ ಮೇಲೆ ಬಟ್ಟೆ ಸರಾಗವಾಗಿ ಇಳಿದಿತ್ತು. ಅತ್ತೆ ಎರಡು ಸುತ್ತು ಬಂದು ನೋಡಿ, ಮುಚ್ಚೈತೆ ಬುಡು ಅಂದರು. ಮುಚ್ಚಿರಲಿಲ್ಲ. ಅವರಿಗೂ ಅದು ಕಂಡಿತ್ತು ಅಂತ ಈಗ ಅನ್ನಿಸುತ್ತದೆ.

ಮದುವೆ ವ್ಯಾಪಾರದ ಆ ದಿನಗಳಲ್ಲಿ ಯಜಮಾನರು ಗಲ್ಲಾದಿಂದ ಆಗಾಗ ತಲೆ ಎತ್ತಿ ನೋಡುತ್ತಿದ್ದರು. ಒಂದು ಮಧ್ಯಾಹ್ನ ಬೈರಾಪಟ್ಟಣದಿಂದ ಒಂದು ಮನೆಯವರು ಮದುವೆ ಸೀರೆಗೆ ಬಂದರು. ಎಲ್ಲರಿಗೂ ಆರಿಸಿದರು. ಮದುಮಗಳ ಅಕ್ಕ ಮಾತ್ರ ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲೇ ನಿಂತಿದ್ದಳು. ತುಂಬು ಬಸುರಿ. ಅಂಥ ಸೆಕೆಯಲ್ಲೂ ಶಾಲು ಹೊದ್ದಿದ್ದಳು. ನಿಮಗೆ ಯಾವುದು ತೋರಿಸಲಿ ಅಂತ ಕೇಳಿದೆ.

"ನಂಗ್ಯಾಕಕ್ಕ ಈಗ. ಏನುಟ್ರೂ ಚೆಂದ ಕಾಣಕಿಲ್ಲ. ಮದ್ವೇಲಿ ಅಡಿಗೆ ಮನೆ ತಾವ ಕುಂತಿರ್ತೀನಿ ಬುಡಿ."

ಆ ಮಾತು ನನಗೆ ನಾಟಿತು. ನೇರಳೆ ಬಣ್ಣದ ತೆಳು ಅಂಚಿನ ಒಂದು ಸೀರೆ ತೆಗೆದು, ನನ್ನ ಹೆಗಲಿಗೆ ಹಾಕಿ, ಅವಳಿಗೆ ಪಕ್ಕದಿಂದ ಕಾಣುವ ಹಾಗೆ ನಿಂತೆ. ಅವಳು ನನ್ನ ಹೊಟ್ಟೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಿಮ್ಗೂ?"

"ಐದು ಮುಗೀತು."

ಅವಳು ಶಾಲು ತೆಗೆದು ತಾಯಿಯ ಕೈಗೆ ಕೊಟ್ಟು ಬಂದು ನಿಂತಳು. ನೆರಿಗೆ ಎಲ್ಲಿಗೆ ಬರಬೇಕು ಅಂತ ತೋರಿಸಿಕೊಟ್ಟೆ. ಆ ಸೀರೆ ಅವಳಿಗೇ ಹೋಯಿತು. ಮರುವಾರ ಅವಳ ಮಾತು ಕೇಳಿ ಇನ್ನಿಬ್ಬರು ಬಸುರಿಯರು ಬಂದರು, ಆ ಹೊಟ್ಟೆಯವರು ಇದ್ದಾರಾ ಅಂತ ಗಲ್ಲಾದ ಹತ್ತಿರವೇ ಕೇಳಿಕೊಂಡು.

ಸೀಸನ್ ಮುಗಿದ ದಿನ ಯಜಮಾನರು, ಒಳಗೆ ಹೋಗೋದೇನೂ ಬೇಡ, ಒಂದು ಸ್ಟೂಲ್ ಹಾಕಿಸ್ತೀನಿ, ಆಗೋವರೆಗೆ ಇಲ್ಲೇ ಇರಿ ಅಂದರು. ಅವರಿಗೆ ಕಂಡದ್ದು ವ್ಯಾಪಾರ. ನನ್ನ ಮೇಲೆ ಕರುಣೆ ಹುಟ್ಟಿತು ಅಂತ ನಾನು ಅಂದುಕೊಳ್ಳಲಿಲ್ಲ. ಆದರೆ ಕೇಳಬೇಕಾದದ್ದು ಇನ್ನೂ ಉಳಿದಿತ್ತು.

"ಬಾಣಂತನ ಮುಗಿಸಿ ಬಂದರೆ ಈ ಜಾಗ ನನ್ನದೇನಾ ಸಾರ್?"

ಅವರು ಕಪಾಟಿನ ಕಡೆ ನೋಡಿ, "ಬನ್ನಿ, ನೋಡೋಣ" ಅಂದರು.

ಆ ಎರಡು ಪದವನ್ನು ಹಿಡಿದುಕೊಂಡೇ ನಾನು ಹೆತ್ತೆ, ಬಾಣಂತನ ಮುಗಿಸಿದೆ. ಮಗಳಿಗೆ ಐದು ತಿಂಗಳಾದಾಗ ಅವಳನ್ನು ಅತ್ತೆಯ ಮಡಿಲಲ್ಲಿ ಮಲಗಿಸಿ ರಾಮನಗರದ ಬಸ್ಸು ಹತ್ತಿದೆ. ಅಂಗಡಿಯ ಎದುರಿಗೆ ಇಳಿದು ತುಸು ಹೊತ್ತು ರಸ್ತೆಯ ಆಚೆಯೇ ನಿಂತು ಒಳಗೆ ನೋಡಿದೆ. ಹಾಸಿನ ಮೇಲೆ ಮೂರು ಜನ ಹೆಂಗಸರು ಕೂತಿದ್ದರು. ಯಜಮಾನರೇ ಎದ್ದು ನಿಂತು, ಒಂದು ಸೀರೆಯನ್ನು ತಮ್ಮ ಅಂಗಿಯ ಮೇಲೆ ಅಡ್ಡ ಹಿಡಿದು ತೋರಿಸುತ್ತಿದ್ದರು. ನಾನು ರಸ್ತೆ ದಾಟಿ ಒಳಗೆ ಹೋಗಿ, ಅದನ್ನು ಅವರ ಕೈಯಿಂದ ತೆಗೆದುಕೊಂಡೆ.