ದತ್ತಾತ್ರೇಯ ಕಂಪೌಂಡರರು ನುಂಗಿದ ಒಂದು ವರ್ಷ

ಆಳಂದದ ವ್ಯಂಕಟೇಶ ಡಾಕ್ಟರರ ದವಾಖಾನೆಯಲ್ಲಿ ದತ್ತಾತ್ರೇಯ ಕಂಪೌಂಡರರು ಇಪ್ಪತ್ತು ವರ್ಷ ಔಷಧ ಕಲಸಿದವರು. ರೋಗಿಯ ಹೆಸರು, ಊರು, ಬೇನೆ, ತಾರೀಖು ಎಲ್ಲವನ್ನೂ ದಪ್ಪ ವಹಿಯಲ್ಲಿ ತಾವೇ ಬರೆಯುವರು. ತಾರೀಖು ನಿಜಾಮ ಸರಕಾರದ ಫಸಲಿ ಇಸವಿಯದು. ಆ ವಹಿಯಲ್ಲಿ ತಪ್ಪು ಹುಡುಕಿದವನು ಇನ್ನೂ ಹುಟ್ಟಬೇಕು ಎಂಬುದು ಅವರ ಮಾತು.

೧೯೪೮ರ ಮಾರ್ಚಿನಲ್ಲಿ ಮುಂಬೈಯ ವಿಮಾ ಕಂಪನಿಯಿಂದ ಕಾಗದ ಬಂತು. ಖಜೂರಿಯ ದೌಲತರಾಯ ತೀರಿಕೊಂಡಿದ್ದ; ಅವನ ಹೆಂಡತಿ ಗೌರಾಬಾಯಿಗೆ ವಿಮೆಯ ಹಣ ಸಿಗಬೇಕಾದರೆ ಬೇನೆಯ ದಾಖಲೆ ಬೇಕಂತೆ. ಕಂಪೌಂಡರರು ವಹಿಯಲ್ಲಿದ್ದಂತೆ ನಕಲು ಕಳಿಸಿದರು: ಇಸ್ಫಂದಾರ ತಿಂಗಳು, ೧೩೫೭, ವಿಷಮಜ್ವರ.

ಮರುಕಾಗದ ಬಂತು: ಸುಮಾರು ಆರು ನೂರು ವರ್ಷದ ಹಿಂದೆ ಜ್ವರ ಬಂದವರು ಮೊನ್ನೆ ತೀರಿದ್ದು ಹೇಗೆ?

“ಇವರ ಬಾಯಾಗ ಮಣ್ಣ ಬೀಳ್ಲಿ! ಗಡಿ ದಾಟಿದ್ರ ಇಸ್ವಿ ಬ್ಯಾರೆ ಅಂಬೂದೂ ತಿಳೀದೇನು?” ಎಂದು ಕಂಪೌಂಡರರು ಸಿಟ್ಟಿನಲ್ಲೇ ಇಂಗ್ಲಿಷ್ ತಾರೀಖು ಗೀಚಿ ಲಕೋಟೆ ಅಂಟಿಸಿದರು.

ಮೂರನೆಯ ಕಾಗದ ಗೌರಾಬಾಯಿಗೇ ಹೋಯಿತು. ದೌಲತರಾಯ ವಿಮೆ ಮಾಡಿಸಿದ್ದು ೧೯೪೭ರ ಜೂನಿನಲ್ಲಿ. ಅದೇ ವರ್ಷದ ಜನವರಿಯಲ್ಲೇ ಬೇನೆಯಿತ್ತೆಂದು ದವಾಖಾನೆ ಬರೆದಿದೆ. ಬೇನೆ ಮುಚ್ಚಿಟ್ಟವರಿಗೆ ಹಣವಿಲ್ಲ.

ಅವಳು ಕಾಗದ ಹಿಡಿದು ದವಾಖಾನೆಗೇ ಬಂದಳು. “ಸುಳ್ಳ ಯಾಕ ಬರದ್ರಿ ಸಾಹೇಬ್ರ? ನಮ್ಮನಿಯವ್ರು ಹಾಸಿಗಿ ಹಿಡದಿದ್ದು ಈ ಸಂಕ್ರಮಣಕ್ಕ. ಹ್ವಾದ ಸಂಕ್ರಮಣಕ್ಕ ಗೂಳಿ ಹಂಗ ಹೊಲ ಸುತ್ತತಿದ್ರು.”

“ಸುಳ್ಳ ಬರಿಯೋ ಕೈ ಅಲ್ಲವ್ವಾ ಇದು!” ಎಂದು ಗುಡುಗಿ ಅವರು ವಹಿ ಬಿಚ್ಚಿ, ಬೆರಳೆಣಿಸತೊಡಗಿದರು. ಫಸಲಿ ಇಸವಿಗೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ಇಸವಿ. ಆದರೆ ಫಸಲಿ ವರ್ಷ ಹುಟ್ಟುವುದು ಅಕ್ಟೋಬರದಲ್ಲಿ; ಆ ಲೆಕ್ಕ ಡಿಸೆಂಬರದ ತನಕ ಮಾತ್ರ. ಜನವರಿ ಹುಟ್ಟಿತೆಂದರೆ ಇನ್ನೊಂದು ಸೇರಿಸಬೇಕು; ಇಸ್ಫಂದಾರವೆಂದರೆ ಜನವರಿಯೇ. ಬೆರಳು ಅಲ್ಲೇ ನಿಂತಿತು.

“ತಪ್ಪು ಕಂಪನೀದಲ್ಲವ್ವಾ,” ಎಂದರು ಮೆಲ್ಲಗೆ. “ನಂದು.”

“ಹಂಗಾರ ಅದನ್ನs ಬರೀರಿ. ನೀವು ಬರಿಯೂತನಾ ನಾ ಏಳಂಗಿಲ್ಲ,” ಎಂದು ಅವಳು ಹೊಸ್ತಿಲ ಬಳಿ ಕುಳಿತೇಬಿಟ್ಟಳು.

ಇಪ್ಪತ್ತು ವರ್ಷದಲ್ಲಿ ಬರೆಯದ ಸಾಲನ್ನು ಬರೆಯುವಷ್ಟರಲ್ಲಿ ಅವರಿಗೆ ನಾಲ್ಕು ಹಾಳೆ ಹಾಳಾದವು. ಡಾಕ್ಟರರು ನಗುತ್ತ ಸಹಿ ಹಾಕಿದರು. ಎರಡು ತಿಂಗಳ ಮೇಲೆ ಗೌರಾಬಾಯಿಗೆ ಹಣ ಬಂತು.

ಅಂದಿನಿಂದ ವಹಿಯಲ್ಲಿ ತಾರೀಖಿಗೆ ಎರಡು ಸಾಲು. ಒಮ್ಮೆ ಸರಸಂಬಾದ ಸೈದಪ್ಪ ಕೆಮ್ಮುತ್ತ, “ಲಗೂ ಔಷಧ ಕೊಡ್ರಿ,” ಎಂದ.

“ಸುಮ್ಮ ಕೂಡ್ರೋ! ಎರಡೆರಡು ಇಸ್ವಿ ಬರೀಬೇಕು. ನೀ ಸತ್ರ ನಿನ್ನ ಹೇಣ್ತಿ ಬಂದು ಈ ಹೊಸ್ತಿಲದಾಗs ಕೂಡ್ತಾಳ!”