ನನ್ನದಲ್ಲದ ಸಂಪಾದನೆ

ನಾನು ಶ್ರೀಮಂತಳೆಂದು ನನಗೆ ಗೊತ್ತಾದದ್ದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ. ಚೀಲ ಹಿಡಿದು ನಿಂತಿದ್ದೆ, ಸರದಿ ಬಂತು, ಹೆಬ್ಬೆಟ್ಟು ಒತ್ತಿದೆ. ಅಂಗಡಿಯವನು ಮೆಷಿನ್ನನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ.

"ನಿಮ್ ಕಾರ್ಡು ರದ್ದಾಗದೆ ಕಣಕ್ಕ. ಆದಾಯ ಜಾಸ್ತಿ ಅಂತ ತೋರುಸ್ತದೆ."

"ಯಾರ್ ಆದಾಯ?"

"ನಿಮ್ದೇಯ."

ಹಿಂದಿನಿಂದ ಯಾರೋ "ಸಾವ್ಕಾರ್ತಿ ಬಂದವ್ರೆ, ದಾರಿ ಬುಡ್ರಪ್ಪೋ" ಎಂದರು. ಸಾಲೆಲ್ಲ ನಕ್ಕಿತು. ನನಗೆ ಮೈ ಉರಿದುಹೋಯಿತು. ಖಾಲಿ ಚೀಲ ಕೊಡವಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ಅದೇ ತಿಂಗಳು ವಿಧವಾ ವೇತನವೂ ನಿಂತಿತು. ಹಿಂದೆಯೇ ಒಂದು ನೋಟಿಸು ಬಂತು: ಅರ್ಹತೆಯಿಲ್ಲದೆ ಪಡೆದ ವೇತನವನ್ನೆಲ್ಲ ವಾಪಸು ಕಟ್ಟತಕ್ಕದ್ದು.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ಕಂಪಲಾಪುರದ ಕಡೆಯ ಒಂದು ಹಳ್ಳಿ. ಇಲ್ಲಿ ಹೊಗೆಸೊಪ್ಪು ಬೆಳೆದು ಮಾರಬೇಕಾದರೆ ನೆಲವಿದ್ದರೆ ಸಾಲದು, ಲೈಸೆನ್ಸೂ ಬೇಕು. ಸೊಪ್ಪನ್ನು ಬಿಸಿಯಲ್ಲಿ ಹದಮಾಡುವ ಎತ್ತರದ ಕೋಣೆಗೆ ಬ್ಯಾರನ್ ಎನ್ನುವುದರಿಂದ ಆ ಲೈಸೆನ್ಸನ್ನು ನಾವು ಬ್ಯಾರನ್ ಕಾರ್ಡು ಎನ್ನುತ್ತೇವೆ. ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲೇ ಬೇಲುಗಳು, ಅಂದರೆ ಸೊಪ್ಪಿನ ಕಟ್ಟುಗಳು, ಹರಾಜಿಗೆ ಹೋಗಬೇಕು. ದುಡ್ಡು ಬೀಳುವುದೂ ಅವರ ಖಾತೆಗೇ. ಕಾರ್ಡಿಲ್ಲದವರು ಇದ್ದವರ ಹೆಸರಿನಲ್ಲಿ ಸೊಪ್ಪು ಮಾರಿಕೊಳ್ಳುವುದು ಹೊಸದೇನಲ್ಲ. ಪಕ್ಕದ ಮನೆಯವರಿಗೆ ಒನಕೆ ಕೊಟ್ಟಷ್ಟೇ ಸಲೀಸಾಗಿ ಹೆಸರು ಕೊಡುತ್ತಾರೆ.

ನನ್ನ ಗಂಡ ತೀರಿಕೊಂಡ ಮೇಲೆ ಕಾರ್ಡು ನನ್ನ ಹೆಸರಿಗಾಯಿತು. ನಾನು ಸೊಪ್ಪು ಹಾಕುವುದನ್ನು ಬಿಟ್ಟೆ. ಮನೆಗಾಗುವಷ್ಟು ರಾಗಿ, ಒಂದು ಹಸು, ಅಷ್ಟೇ ನನ್ನ ಬೇಸಾಯ. ಆದರೆ ನನ್ನ ಭಾವ, ಅಂದರೆ ಗಂಡನ ಅಣ್ಣ, ಬೆಳೆದ ಸೊಪ್ಪು ನನ್ನ ಬ್ಯಾರನ್ನಿನಲ್ಲಿ ಹದವಾಗಿ ನನ್ನ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ದುಡ್ಡು ಬಿದ್ದ ದಿನ ಅವರು ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವರು. ನಾನು ಸಹಿ ಹಾಕುವೆ. ದುಡ್ಡು ಬಿಡಿಸಿದ ಕಿಟಕಿಯಿಂದ ಪಕ್ಕದ ಕಿಟಕಿಗೆ ಹೋಗಿ ಅವರು ತಮ್ಮ ಖಾತೆಗೆ ಕಟ್ಟಿಕೊಳ್ಳುವರು. ನನಗೆ ಹೋಟೆಲಿನಲ್ಲಿ ಒಂದು ಮಸಾಲೆದೋಸೆ, ಯುಗಾದಿಗೆ ಒಂದು ಸೀರೆ. ಸರ್ಕಾರದ ಕಂಪ್ಯೂಟರಿಗೆ ದೋಸೆ, ಸೀರೆ ಕಾಣಿಸಲಿಲ್ಲ, ಖಾತೆಗೆ ಬಿದ್ದ ದುಡ್ಡಷ್ಟೇ ಕಾಣಿಸಿತು.

ನೋಟಿಸು ಹಿಡಿದು ಭಾವನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು, ಓದಿ ಮಡಚಿ ನನ್ನ ಕೈಗೇ ಕೊಟ್ಟರು.

"ಇಷ್ಟಕ್ಕೆಲ್ಲ ಯಾಕವ್ವ ತಲೆ ಕೆಡುಸ್ಕತೀಯ? ರೇಷನ್ ಕಾರ್ಡು ಓದ್ರೆ ಓಗ್ಲಿ ಬುಡು. ಅಕ್ಕಿ ನಮ್ಮನೇಲಿಲ್ವಾ? ತಿಂಗ್ಳಾ ತಿಂಗ್ಳಾ ಬಂದು ತಕ್ಕೊಂಡೋಗು."

"ಈ ನೋಟಿಸು, ಭಾವ?"

"ಅದ್ನೂ ನಾನೇ ಕಟ್ತೀನಿ ಕಣವ್ವ. ನೀನು ಮಾತ್ರ ಆಫೀಸ್ಗೋಗಿ, ದುಡ್ಡು ನಂದಲ್ಲ, ನಮ್ ಭಾವುಂದು ಅನ್ಬ್ಯಾಡ. ಬ್ಯಾರನ್ ಕಾರ್ಡ್ಗೇ ಸಂಚಕಾರ ಬತ್ತದೆ."

ಅವರು ಕೆಟ್ಟವರಲ್ಲ. ಅಕ್ಕಿ ಕೊಡುತ್ತೇನೆ ಎಂದದ್ದೂ ಸುಳ್ಳಲ್ಲ. ಆದರೆ ನ್ಯಾಯಬೆಲೆ ಅಂಗಡಿಯ ಅಕ್ಕಿ ನನ್ನ ಹೆಬ್ಬೆಟ್ಟಿಗೆ ಬರುತ್ತದೆ. ಭಾವನ ಮನೆಯ ಅಕ್ಕಿಗೆ ಅಂಗಳದಲ್ಲಿ ನಿಂತು, "ಏನವ್ವ ಬಂದೆ?" ಎಂದು ಓರಗಿತ್ತಿ ಕೇಳುವ ತನಕ ಕಾಯಬೇಕು. ಅದೂ ಹೋಗಲಿ, ನೋಟಿಸಿನ ದುಡ್ಡು ಯಾರೇ ಕಟ್ಟಲಿ, ಕಟ್ಟಿದರೆ ನಾನು ಸರ್ಕಾರಕ್ಕೆ ಮೋಸ ಮಾಡಿ ತಿಂದವಳೆಂದು ಒಪ್ಪಿಕೊಂಡಂತೆಯೇ. ಸಿಟ್ಟು ನೆತ್ತಿಗೇರಿತು. ಬರುತ್ತೇನೆ ಎಂದಷ್ಟೇ ಹೇಳಿ ಎದ್ದು ಬಂದೆ.

ಮಾರನೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ನಾಡಕಚೇರಿಗೆ ಹೋದೆ. ಅಲ್ಲಿದ್ದ ಗ್ರಾಮಲೆಕ್ಕಿಗರು ಚಿಕ್ಕ ವಯಸ್ಸಿನವರು, ಕೂರಿ ಅಂದರು. ಅಷ್ಟು ಮರ್ಯಾದೆಗೇ ನನ್ನ ಅರ್ಧ ಸಿಟ್ಟು ಇಳಿಯಿತು.

"ನಿಮ್ಮ ಖಾತೆಗೆ ಇಷ್ಟೊಂದು ಬಂದಿದೆಯಲ್ಲಮ್ಮ?"

"ಬಂದದೆ ಸ್ವಾಮಿ. ಬಂದದ್ದು ಓಗದೆ, ಅದ್ನೂ ನೋಡಿ."

ಪಾಸ್‌ಬುಕ್ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಬರೆದುಕೊಟ್ಟರೆ ವಿಚಾರಣೆ ಆಗುತ್ತದೆ, ಹೆಸರು ಕೊಟ್ಟಿದ್ದಕ್ಕೆ ಬ್ಯಾರನ್ ಕಾರ್ಡೂ ಹೋಗಬಹುದು, ಯೋಚನೆ ಮಾಡಿ ಎಂದರು. ಯೋಚನೆ ಮಾಡಿಯೇ ಬಸ್ಸು ಹತ್ತಿದ್ದೇನೆ ಎಂದೆ. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ಬಿಳಿ ಹಾಳೆ ಇಸಿದುಕೊಂಡು ನಾನೇ ಬರೆದೆ.

"ಸರಿ. ಹಾಗಾದರೆ ನಿಮ್ಮ ನಿಜವಾದ ಆದಾಯ ಏನು?"

"ರಾಗಿ ಮನೆಗಾಯ್ತದೆ. ಡೇರಿಯಿಂದ ಹಾಲಿನ ದುಡ್ಡು ಬತ್ತದೆ, ಬರ್ಕೊಳಿ. ವರ್ಷಕ್ಕೊಂದು ಸೀರೆ, ಅದ್ನೂ ಬರ್ಕೊಳಿ."

ಅವರು ನಕ್ಕುಬಿಟ್ಟರು. "ಸೀರೆ ಬೇಡಮ್ಮ. ಹಾಲಿನ ದುಡ್ಡೂ ಬಿಡಿ, ಅದನ್ನು ಇಲ್ಲಿ ಯಾರೂ ಬರೆಸುವುದಿಲ್ಲ. ಮಿತಿ ದಾಟಿಬಿಟ್ಟರೆ ಆಮೇಲೆ ನಿಮಗೇ ಕಷ್ಟ."

"ನಂದಲ್ಲದ್ದು ಬ್ಯಾಡ ಅನ್ನಕೆ ಬಂದಿರೋಳು, ನಂದನ್ನ ಬಚ್ಚಿಡ್ಲಾ? ಬರೀರಿ ಸ್ವಾಮಿ."

ಬರೆದರು. ಆಚೆ ಬಂದು ಬಸ್ಸಿಗೆ ನಿಂತೆ. ಹಾಲಿನ ದುಡ್ಡಿನಿಂದಲೇ ಮಿತಿ ದಾಟಿ ಎಲ್ಲ ಹೋದರೆ ಎಂಬ ಭಯ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹೋದರೆ ನನ್ನ ಸಂಪಾದನೆಯಿಂದ ಹೋಗಲಿ, ಇನ್ನೊಬ್ಬರ ಸಂಪಾದನೆಯಿಂದ ಯಾಕೆ ಹೋಗಬೇಕು?

ವಿಷಯ ನನಗಿಂತ ಮುಂಚೆ ಊರು ಸೇರಿತು. ಭಾವ ಮಾತು ಬಿಟ್ಟರು. ಮನೆತನದ ಮಾನ ಕಚೇರಿಯಲ್ಲಿ ಹರಾಜು ಹಾಕಿದಳು ಎಂದು ಓರಗಿತ್ತಿ ನಲ್ಲಿಯ ಹತ್ತಿರ ನನಗೆ ಕೇಳುವ ಹಾಗೆ ಹೇಳಿದಳು. ಹರಾಜಿಗೆ ಹೋಗುತ್ತಿದ್ದದ್ದು ನನ್ನ ಹೆಸರು, ಅದು ಇವರಿಗೆ ಇಷ್ಟು ವರ್ಷ ಕೇಳಿಸಿರಲಿಲ್ಲ. ಬಿಂದಿಗೆ ತುಂಬಿಸಿಕೊಂಡು ತಲೆಯೆತ್ತಿ ನಡೆದೆ.

ವಿಚಾರಣೆಗೆ ಬಂದವರು ಬ್ಯಾಂಕಿನ ಲೆಕ್ಕ ತರಿಸಿದರು. ನಾನು ಬಿಡಿಸಿದ ದಿನವೇ ಅಷ್ಟೇ ದುಡ್ಡು ಭಾವನ ಖಾತೆಗೆ ಬಿದ್ದಿತ್ತು. ಭಾವನೂ ಹೂಂ ಅನ್ನಬೇಕಾಯಿತು. ನೋಟಿಸು ರದ್ದಾಯಿತು, ಹಾಲಿನ ದುಡ್ಡು ಸೇರಿಸಿಯೂ ನಾನು ಮಿತಿಯೊಳಗೇ ಉಳಿದೆ, ವೇತನ ಮತ್ತೆ ಶುರುವಾಯಿತು, ಅಕ್ಕಿ ಮತ್ತೆ ನನ್ನ ಹೆಬ್ಬೆಟ್ಟಿಗೆ ಬಂತು. ಬ್ಯಾರನ್ ಕಾರ್ಡನ್ನು ಮಾತ್ರ ಅಮಾನತಿನಲ್ಲಿಟ್ಟರು. ನಾನು ಅದಕ್ಕೆ ಒಂದು ಹನಿ ಕಣ್ಣೀರು ಹಾಕಲಿಲ್ಲ.

ಮುಂದಿನ ವರ್ಷ ಅಮಾನತು ತೆರವಾಯಿತೆಂದು ಎಲ್ಲಿಂದಲೋ ತಿಳಿದು ಭಾವ ನಮ್ಮ ಹಿತ್ತಿಲಿಗೆ ಬಂದರು, ಎಷ್ಟೋ ತಿಂಗಳ ಮೇಲೆ. ಬಾಯಿ ತುಂಬ "ಏನವ್ವ, ಚೆನ್ನಾಗಿದ್ದೀಯಾ" ಎಂದರು. ಈ ಸಲ ಸೊಪ್ಪು ಚೆನ್ನಾಗಿ ಬಂದಿದೆ ಎಂದರು. ಹಾಗೇ ಮಾತಾಡುತ್ತ ಬ್ಯಾರನ್ನಿನ ಬಾಗಿಲ ಹತ್ತಿರ ಹೋದವರು ಅಲ್ಲೇ ನಿಂತರು. ಸೊಪ್ಪಿಗೆ ಬಿಸಿ ಹಾಯಿಸುವ ಒಳಗಿನ ತಗಡಿನ ಕೊಳವೆಗಳನ್ನು ನಾನು ಗುಜರಿಯವನಿಗೆ ಹಾಕಿದ್ದೆ. ಬಾಗಿಲು ಒಡೆಸಿ ಅಗಲ ಮಾಡಿಸಿದ್ದೆ. ಒಳಗೆ ಹಸು ಮೆಲುಕು ಹಾಕುತ್ತಿತ್ತು.

"ಬ್ಯಾರನ್ನೊಳ್ಗೆ ಅಸ ಕಟ್ಟಿದ್ದೀಯಲ್ಲವ್ವ!"

"ಊಂ ಭಾವ. ಕೂತ್ಕಳಿ, ಕಾಪಿ ಕಾಯುಸ್ತೀನಿ. ಹಾಲು ನಂದೇಯ."